ಟ್ರಾನ್ಸ್‌ಫರ್ ಸುದ್ದಿ ಬಿಡಿ, ಸಂಬಳದ ಪುಟ ತೆಗೆಯಿರಿ

ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಹೊರದೇಶದ ಕಂಪನಿಗಳ ವಾರ್ಷಿಕ ಲೆಕ್ಕಪತ್ರ ಓದುವುದು ನನ್ನ ಕೆಲಸ. ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ, ಈ ಕಂಪನಿಗೆ ಸಾಲ ತೀರಿಸುವ ತಾಕತ್ತು ಇದೆಯಾ ಇಲ್ವಾ ಅಂತ ಎರಡು ಪುಟ ಬರೆದು ಕೊಡಬೇಕು. ಸಿಮೆಂಟು, ಔಷಧಿ, ಹೋಟೆಲು ಅಂತ ಬರುತ್ತಿದ್ದ ಪಟ್ಟಿಗೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳೂ ಸೇರಿಕೊಂಡವು. ಅಲ್ಲಿನ ಕ್ಲಬ್‌ಗಳೂ ಕಂಪನಿಗಳೇ. ಅವು ಸಲ್ಲಿಸುವ ಲೆಕ್ಕಪತ್ರವನ್ನು ಕಂಪನೀಸ್ ಹೌಸ್ ಅನ್ನುವ ಅಲ್ಲಿನ ಸರ್ಕಾರಿ ಕಂಪನಿ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಫುಟ್‌ಬಾಲ್ ಹುಚ್ಚಿರುವ ಲೆಕ್ಕದವನಿಗೆ ಇದಕ್ಕಿಂತ ಇನ್ನೇನು ಬೇಕು?

ಪೇಪರಿನಲ್ಲಿ ಬರುವುದು ಟ್ರಾನ್ಸ್‌ಫರ್ ಬೆಲೆ. ಯಾರನ್ನು ಎಷ್ಟಕ್ಕೆ ಕೊಂಡರು ಅನ್ನುವುದೇ ಸುದ್ದಿ. ತಂಡ ಎಷ್ಟನೇ ಸ್ಥಾನಕ್ಕೆ ಬರಬಹುದು ಅಂತ ಊಹಿಸಬೇಕಾದರೆ ನಾನು ತೆಗೆಯುವುದು ಸಿಬ್ಬಂದಿ ವೆಚ್ಚದ ನೋಟ್. ಲೆಕ್ಕಪತ್ರದ ಹಿಂದಿನ ಪುಟಗಳಲ್ಲಿ ಇರುತ್ತದೆ. ಮೊದಲು ಒಂದು ಸಣ್ಣ ಟೇಬಲ್: ಆಟಗಾರರು, ಕೋಚ್‌ಗಳು ಇಷ್ಟು ಜನ, ಆಫೀಸಿನವರು ಇಷ್ಟು, ಮ್ಯಾಚ್ ದಿನ ಮಾತ್ರ ಬರುವವರು ಇಷ್ಟು. ಅದರ ಕೆಳಗೆ ಸಂಬಳ, ಪಿಂಚಣಿ, ಒಟ್ಟು ಮೊತ್ತ. ಯಾವ ಆಟಗಾರನ ಹೆಸರೂ ಇರುವುದಿಲ್ಲ. ಅಲ್ಲಿನ ಎಲ್ಲಕ್ಕಿಂತ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನ ಇಪ್ಪತ್ತು ಕ್ಲಬ್‌ಗಳ ಈ ಮೊತ್ತವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಲೀಗ್ ಪಟ್ಟಿಯ ಪಕ್ಕ ಇಟ್ಟು ನೋಡಿ. ಒಂದು ಸೀಸನ್‌ಗೆ ನೋಡಿದರೆ ಏರುಪೇರು ಕಾಣುತ್ತದೆ. ಹತ್ತು ವರ್ಷದ ಸರಾಸರಿ ತೆಗೆದರೆ ಎರಡೂ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಟ್ರಾನ್ಸ್‌ಫರ್ ದುಡ್ಡು ಹೋಗುವುದು ಹಳೇ ಕ್ಲಬ್ಬಿಗೆ, ಅದರಲ್ಲಿ ಅವಸರ, ಹಟ ಎಲ್ಲ ಸೇರಿರುತ್ತದೆ. ಸಂಬಳ ಹಾಗಲ್ಲ. ಒಳ್ಳೆ ಆಟಗಾರ ಉಳಿಯಬೇಕಾದರೆ ಅವನ ರೇಟು ಕೊಡಲೇಬೇಕು.

"ಹಾಗಾದ್ರೆ ಲೆಸ್ಟರ್ ಹೆಂಗೆ ಗೆದ್ದಿತು ಸರ್?" ಅಂತ ಟೀಮಿಗೆ ಹೊಸದಾಗಿ ಸೇರಿದವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2015-16ರಲ್ಲಿ ಲೆಸ್ಟರ್ ಸಿಟಿಯ ಸಂಬಳದ ಮೊತ್ತ ಸುಮಾರು 8 ಕೋಟಿ ಪೌಂಡ್. ಮ್ಯಾಂಚೆಸ್ಟರ್ ಯುನೈಟೆಡ್‌ನದು 23 ಕೋಟಿ. ಬಾಜಿಯವರು ಒಂದಕ್ಕೆ 5000 ಕೊಡುತ್ತೇವೆ ಅಂದಿದ್ದ ತಂಡ ಹತ್ತು ಪಾಯಿಂಟ್ ಅಂತರದಲ್ಲಿ ಚಾಂಪಿಯನ್ ಆಯಿತು. ನಾನು ಅವರಿಗೆ ಅದೇ ಲೆಸ್ಟರ್‌ನ 2022-23ರ ಲೆಕ್ಕ ತೆಗೆಯಲು ಹೇಳುತ್ತೇನೆ. ಸಂಬಳ 20 ಕೋಟಿ ಪೌಂಡ್ ದಾಟಿದೆ. ಆ ವರ್ಷದ ಒಟ್ಟು ಆದಾಯ 18 ಕೋಟಿಯೂ ಇಲ್ಲ! ಬರುವ ದುಡ್ಡಿಗಿಂತ ಸಂಬಳವೇ ಜಾಸ್ತಿ. ಅಷ್ಟು ಕೊಟ್ಟೂ 18ನೇ ಸ್ಥಾನಕ್ಕೆ ಬಂದು ಕೆಳಗಿನ ಲೀಗ್‌ಗೆ ಬಿದ್ದಿತು.

ಗೆದ್ದ ವರ್ಷಕ್ಕಿಂತ ಬಿದ್ದ ವರ್ಷದಿಂದಲೇ ನಾನು ಹೆಚ್ಚು ಕಲಿತದ್ದು. ದುಡ್ಡಿರುವ ಕ್ಲಬ್ಬಿಗೆ ಸಿಗುವ ದೊಡ್ಡ ಲಾಭ ಅಂದರೆ, ಒಂದು ಸೀಸನ್ ಪೂರ್ತಿ ಕೈಕೊಟ್ಟರೂ ಅದು ತಡೆದುಕೊಳ್ಳುತ್ತದೆ. ಸಂಬಳ ಮೂರು ನಾಲ್ಕು ವರ್ಷಕ್ಕೆ ಸಹಿ ಹಾಕಿ ಒಪ್ಪಿಕೊಂಡದ್ದು. ಆದಾಯ ಮಾತ್ರ ವರ್ಷ ವರ್ಷ ಆಡಿ ಗಳಿಸಬೇಕಾದದ್ದು.

ಲೀಡ್ಸ್ ಯುನೈಟೆಡ್ ಸಿಕ್ಕಿಬಿದ್ದದ್ದೂ ಇಲ್ಲೇ. ಮುಂದೆ ಬರುವ ಟಿಕೆಟ್ ದುಡ್ಡಿನ ಮೇಲೆ 6 ಕೋಟಿ ಪೌಂಡ್ ಸಾಲ ಎತ್ತಿದರು. 2001ರಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ ಸೆಮಿಫೈನಲ್ ಆಡಿದರು. ಪ್ರತಿ ವರ್ಷ ಅಲ್ಲಿಗೆ ಹೋಗೇ ಹೋಗುತ್ತೇವೆ ಅನ್ನುವ ಲೆಕ್ಕದಲ್ಲಿ ಸಂಬಳ ನಿಗದಿಯಾಗಿತ್ತು. ಮುಂದಿನ ಎರಡು ಸಲ ಅರ್ಹತೆಯೇ ಸಿಗಲಿಲ್ಲ. 2002ರಲ್ಲಿ ರಿಯೊ ಫರ್ಡಿನಾಂಡ್‌ನನ್ನು ಮಾರಿದರು. ಮುಂದಿನ ವರ್ಷ ರಾಬಿ ಫೌಲರ್‌ನನ್ನು ಮ್ಯಾಂಚೆಸ್ಟರ್ ಸಿಟಿಗೆ ಮಾರಿದ ಮೇಲೂ ಅವನ ಸಂಬಳದ ಒಂದು ಪಾಲನ್ನು ಲೀಡ್ಸೇ ಕಟ್ಟಬೇಕಾಯಿತು! 2004ರಲ್ಲಿ ಬಿದ್ದವರು ಪ್ರೀಮಿಯರ್ ಲೀಗ್‌ಗೆ ವಾಪಸ್ ಬಂದದ್ದು 2020ರಲ್ಲಿ. ಪತ್ರಿಕೆಯವರು ಮಾತ್ರ ಅಧ್ಯಕ್ಷರ ಕೋಣೆಯಲ್ಲಿದ್ದ ಬಾಡಿಗೆ ಗೋಲ್ಡ್‌ಫಿಶ್ ಹಿಡಿದು ವರ್ಷಗಟ್ಟಲೆ ಆಡಿಕೊಂಡರು. ಮೀನಿನ ಬಾಡಿಗೆ ಯಾವ ಲೆಕ್ಕ, ಬಿಡಿ.

ಈಗ ಸಾಫ್ಟ್‌ವೇರ್ ಕಂಪನಿಯ ಫೈಲ್ ಬಂದರೂ ನಾನು ಮೊದಲು ನೋಡುವುದು ಇದನ್ನೇ. ಸಹಿ ಹಾಕಿ ಒಪ್ಪಿಕೊಂಡ ಖರ್ಚು ಎಷ್ಟು, ದೊಡ್ಡ ಗ್ರಾಹಕ ಒಬ್ಬ ಕೈಬಿಟ್ಟರೆ ಅದನ್ನು ಎಷ್ಟು ತಿಂಗಳು ಕಟ್ಟಬಹುದು. ಮಿಕ್ಕ ಅಂಕಿ ಆಮೇಲೆ.

ಲೀಡ್ಸ್ ಥರ ಆಗದಿರಲಿ ಅಂತ ಪ್ರೀಮಿಯರ್ ಲೀಗ್ ನಷ್ಟಕ್ಕೆ ಮಿತಿ ಹಾಕಿತು: 2025-26ರ ಸೀಸನ್‌ವರೆಗೆ ಮೂರು ವರ್ಷಕ್ಕೆ ಹೆಚ್ಚೆಂದರೆ 10.5 ಕೋಟಿ ಪೌಂಡ್. ಮೀರಿದರೆ ಪಾಯಿಂಟ್ ಕಡಿತ. 2023-24ರಲ್ಲಿ ಎವರ್ಟನ್‌ಗೆ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಆ ಬಿಸಿ ತಟ್ಟಿತು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಅದು ಯಾರಿಗೆ ಅಡ್ಡ ಬಂತು ನೋಡಿ. ನ್ಯೂಕ್ಯಾಸಲ್ ಕ್ಲಬ್ಬನ್ನು 2021ರಲ್ಲಿ ಸೌದಿ ಸರ್ಕಾರಿ ನಿಧಿಯ ನೇತೃತ್ವದ ಗುಂಪು ಕೊಂಡಿತು. ಅಂಥ ಮಾಲೀಕರಿಗೆ ದುಡ್ಡಿನ ಬರವೇ? ಆದರೂ ನಿಯಮದ ಪ್ರಕಾರ ಕ್ಲಬ್ ತನ್ನ ಆದಾಯಕ್ಕೆ ತಕ್ಕಂತೆ ನಡೆಯಬೇಕಿತ್ತು. ಲೆಕ್ಕ ಮುಗಿಸಲು ನಮಗೆ ಮಾರ್ಚ್ 31 ಹೇಗೋ ಅಲ್ಲಿನ ಬಹಳಷ್ಟು ಕ್ಲಬ್‌ಗಳಿಗೆ ಜೂನ್ 30 ಹಾಗೆ. 2024ರ ಜೂನ್ ಕೊನೆಯಲ್ಲಿ ನ್ಯೂಕ್ಯಾಸಲ್‌ನವರು ತಮ್ಮದೇ ಅಕಾಡೆಮಿಯಲ್ಲಿ ಬೆಳೆದ ಎಲಿಯಟ್ ಆಂಡರ್ಸನ್‌ನನ್ನು ಫಾರೆಸ್ಟ್‌ಗೆ ಮಾರಿದರು. ಮನೆಯಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಕೊಂಡ ಬೆಲೆ ಅಂತ ಏನೂ ಇರುವುದಿಲ್ಲ, ಹಾಗಾಗಿ ಮಾರಿದ ದುಡ್ಡು ಪೂರ್ತಿ ಲಾಭದ ಲೆಕ್ಕಕ್ಕೆ ಬರುತ್ತದೆ. ಹೊರಗಿನಿಂದ ಕೊಂಡವನನ್ನು ಮಾರಿದರೆ ಹಾಗಾಗುವುದಿಲ್ಲ. ಲೆಕ್ಕ ಸರಿಹೋಗಲು ಊರಿನ ಹುಡುಗನನ್ನೇ ಮಾರುವ ಹಾಗೆ ಮಾಡುವ ನಿಯಮ ನನಗಂತೂ ಸರಿ ಕಾಣುವುದಿಲ್ಲ.

ಆ ವರ್ಷ ನ್ಯೂಕ್ಯಾಸಲ್ ಆದಾಯ 32 ಕೋಟಿ ಪೌಂಡ್, ಮ್ಯಾಂಚೆಸ್ಟರ್ ಯುನೈಟೆಡ್‌ನದು 66 ಕೋಟಿ. ಯುನೈಟೆಡ್ 2024-25ರಲ್ಲಿ 15ನೇ ಸ್ಥಾನಕ್ಕೆ ಜಾರಿತು. ಅದಾಗಿ ಬಂದ ಬೇಸಿಗೆಯಲ್ಲೇ ಕೂನ್ಯ, ಎಂಬೂಮೊ, ಶೆಶ್ಕೊ ಮೂವರಿಗೆ ಸುಮಾರು 20 ಕೋಟಿ ಪೌಂಡ್ ಸುರಿಯಿತು.