ಮಂಗಳೂರಿನ ಹೋಲಿಕೆಯಲ್ಲಿ ಬಿಟ್ಟುಹೋದ ಯಹೂದಿ ಧರ್ಮ

ನಮ್ಮ ಮಂಗಳೂರಿನಲ್ಲಿ ಇಸ್ಲಾಮಿನ ಬೋಧನೆಗಳನ್ನು ಹೋಲಿಸಿ ನೋಡಬೇಕೆಂದಾಗ ಜನ ಕ್ರೈಸ್ತ ಧರ್ಮವನ್ನೇ ಪಕ್ಕದಲ್ಲಿಡುತ್ತಾರೆ. ಬಂದರಿನ ಮಸೀದಿಯಿಂದ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಗೆ ನಡೆದೇ ಹೋಗಬಹುದಾದ ಊರಿನಲ್ಲಿ ಅದು ಸಹಜವೂ ಹೌದು. ಆದರೆ ಯಹೂದಿ ಧರ್ಮವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಹೋಲಿಕೆ ಒಕ್ಕಣ್ಣಿನದಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ವರ್ಷಗಟ್ಟಲೆ ಇದೇ ಮಂಗಳೂರಿನಲ್ಲಿದ್ದು ವ್ಯಾಪಾರ ನಡೆಸಿದ್ದನು. ಅವನ ಪತ್ರಗಳು ಕೈರೋದ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಲಯದಲ್ಲಿ, ಉಳಿದುಬಂದವು. ಹೀಬ್ರೂ ಲಿಪಿಯಲ್ಲಿ ಬರೆದ ಬರಹವನ್ನು ಕಸಕ್ಕೆ ಎಸೆಯಬಾರದೆಂಬ ಭಾವನೆ ಅಲ್ಲಿ ಪ್ರಬಲವಾಗಿತ್ತು. ಜೀರ್ಣವಾದ ಕುರ್‌ಆನ್ ಪ್ರತಿಗಳನ್ನು ಗೌರವದಿಂದ ಮಣ್ಣುಮಾಡುವ ಮುಸ್ಲಿಮರಿಗೆ ಈ ಎಚ್ಚರಿಕೆ ಅಪರಿಚಿತವೇನಲ್ಲ.

ಮುಸ್ಲಿಮರ ನಂಬಿಕೆಯಂತೆ ಪ್ರವಾದಿ ಮುಹಮ್ಮದರಿಗೆ ದಿವ್ಯವಾಣಿ ಇಳಿಯತೊಡಗಿದ್ದು ಸುಮಾರು 610ರಲ್ಲಿ, ಮೆಕ್ಕಾದ ಬಳಿಯ ಹಿರಾ ಗುಹೆಯಲ್ಲಿ. ಇದು ಹೊಸ ಧರ್ಮವಲ್ಲ, ಅಬ್ರಹಾಂ, ಮೋಶೆ, ಯೇಸು ಎಲ್ಲರೂ ಸಾರಿದ ಏಕದೇವನ ಸಂದೇಶವೇ ಎಂಬುದು ಇಸ್ಲಾಮಿನ ನಿಲುವು. 622ರಲ್ಲಿ ಅವರು ಮದೀನಾಕ್ಕೆ ವಲಸೆ ಹೋದಾಗ ಅಲ್ಲಿ ಯಹೂದಿ ಕುಲಗಳಿದ್ದವು, ಮತ್ತು ಆರಂಭದಲ್ಲಿ ನಮಾಜಿನ ದಿಕ್ಕು ಜೆರುಸಲೇಮೇ ಆಗಿತ್ತು. 624ರ ಸುಮಾರಿಗೆ ಅದು ಕಾಬಾದ ಕಡೆಗೆ ತಿರುಗಿತು.

ಹಂದಿಮಾಂಸ ಮತ್ತು ರಕ್ತದ ನಿಷೇಧ, ಗಂಡುಮಕ್ಕಳ ಸುನ್ನತಿ, ಪ್ರಾಣಿಯನ್ನು ವಧಿಸುವ ಕ್ರಮ, ದಿನದ ನಿಗದಿತ ಪ್ರಾರ್ಥನೆಗಳು, ಬದುಕಿನ ಪ್ರತಿ ವ್ಯವಹಾರಕ್ಕೂ ಶಾಸ್ತ್ರದಲ್ಲಿ ಉತ್ತರ ಹುಡುಕುವ ವಿದ್ವಾಂಸರು: ಇವೆಲ್ಲ ಇಸ್ಲಾಂ ಮತ್ತು ಯಹೂದಿ ಧರ್ಮ ಎರಡೂ ಕಡೆ ಇವೆ. ಯಹೂದ್ಯೇತರ ಕ್ರೈಸ್ತರಿಗೆ ಸುನ್ನತಿಯ ಕಟ್ಟಳೆ ಬೇಡವೆಂದು ಯೇಸುವಿನ ಸಂದೇಶ ಸಾರಿದ ಪೌಲನು ವಾದಿಸಿದಂದಿನಿಂದ ಕ್ರೈಸ್ತರ ದಾರಿ ಬೇರೆಯಾಯಿತು. ವ್ಯತ್ಯಾಸ ಕಣ್ಣಿಗೇ ಕಾಣುವಂಥದ್ದು. ಮಿಲಾಗ್ರಿಸ್‌ನ ಬಲಿಪೂಜೆಯಲ್ಲಿ ರೊಟ್ಟಿಯನ್ನು ಕ್ರಿಸ್ತನ ಶರೀರವಾಗಿ ಅರ್ಪಿಸಲು ದೀಕ್ಷೆ ಪಡೆದ ಪಾದ್ರಿಯೇ ಬೇಕು. ಮಸೀದಿಯ ಇಮಾಮರು ಸಾಲಿನ ಮುಂದೆ ನಿಂತರೂ ಎಲ್ಲರಂತೆ ಕಾಬಾದ ಕಡೆಗೇ ಮುಖಮಾಡಿರುತ್ತಾರೆ, ಅವರಿಗೆ ಅಂಥ ದೀಕ್ಷೆಯಿಲ್ಲ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ ಯಹೂದಿಗಳಲ್ಲಿಯೂ ಯಾಜಕರಿಗಿಂತ ರಬ್ಬಿಗಳೆಂಬ ಶಾಸ್ತ್ರ ವಿದ್ವಾಂಸರ ಪಾತ್ರವೇ ಮುಖ್ಯವಾಯಿತು.

ಹಾಗೆಂದು ಎಲ್ಲವೂ ಯಹೂದಿಗಳ ಕಡೆಗೇ ವಾಲುವುದಿಲ್ಲ. ಅಬ್ರಹಾಮನು ಬಲಿಗೆ ಕರೆದೊಯ್ದ ಮಗ ಇಸಾಕನೆಂದು ಯಹೂದಿ ಮತ್ತು ಕ್ರೈಸ್ತ ಗ್ರಂಥಗಳು ಹೇಳುತ್ತವೆ. ಕುರ್‌ಆನ್ ಅಲ್ಲಿ ಹೆಸರು ಹೇಳುವುದಿಲ್ಲವಾದರೂ ಬಹುತೇಕ ಮುಸ್ಲಿಮರು ಇಸ್ಮಾಯೀಲನೆಂದೇ ನಂಬುತ್ತಾರೆ. ಯೇಸುವಿನ ವಿಷಯದಲ್ಲಂತೂ ಇಸ್ಲಾಂ ಯಹೂದಿ ಧರ್ಮದಿಂದ ದೂರ ಸರಿಯುತ್ತದೆ. ಸೆಪ್ಟೆಂಬರ್ 8ರಂದು ಇಲ್ಲಿನ ಕ್ಯಾಥೊಲಿಕರ ಮೋಂತಿ ಫೆಸ್ತ್ ಹಬ್ಬದಲ್ಲಿ ಹೂವೆರಚಿ ಗೌರವಿಸಲ್ಪಡುವ ಯೇಸುವಿನ ತಾಯಿ ಮರಿಯಳು ಕುರ್‌ಆನಿನಲ್ಲಿ ಹೆಸರು ಪಡೆದ ಏಕೈಕ ಸ್ತ್ರೀ; ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅವಳದೇ ಹೆಸರು. ಕುರ್‌ಆನಿನ ಪ್ರಕಾರ ಕನ್ಯೆಗೆ ಹುಟ್ಟಿದ ಈಸಾ, ಅಂದರೆ ಯೇಸು, ಮಸೀಹನೂ (ಮೆಸ್ಸೀಯ) ಪ್ರವಾದಿಯೂ ಹೌದು, ಆದರೆ ದೇವಪುತ್ರನಲ್ಲ, ಶಿಲುಬೆಗೇರಿ ಸಾಯಲೂ ಇಲ್ಲ.

ಈ ಶಿಲುಬೆಯ ನಿರಾಕರಣೆಯನ್ನು ನಮ್ಮಲ್ಲಿ ಅನೇಕರು ಬರೀ ಚರಿತ್ರೆಯ ತಕರಾರೆಂದು ಬಗೆಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಕುರ್‌ಆನಿನ ಆದಮನು ಪಶ್ಚಾತ್ತಾಪಪಟ್ಟು ಕ್ಷಮೆ ಪಡೆಯುತ್ತಾನೆ. ಕ್ರೈಸ್ತರು ನಂಬುವ ಹಾಗಲ್ಲದೆ, ಅವನ ಪಾಪ ಸಂತಾನಕ್ಕೆ ಇಳಿದು ಬರುವುದಿಲ್ಲ. ಆದ್ದರಿಂದ ಮನುಕುಲದ ಪರವಾಗಿ ಮತ್ತೊಬ್ಬರು ಪ್ರಾಣ ತೆರಬೇಕಾದ ಅಗತ್ಯವೇ ಅಲ್ಲಿ ಏಳುವುದಿಲ್ಲ, ಮತ್ತು ಈ ಒಂದು ಅಂಶದಲ್ಲಿ, ಯೇಸುವನ್ನು ಅಷ್ಟೊಂದು ಗೌರವಿಸಿದ ಮೇಲೂ, ಇಸ್ಲಾಂ ನಿಲ್ಲುವುದು ಅಂಥ ಬಲಿಯ ಅಗತ್ಯವನ್ನು ಒಪ್ಪದ ರಬ್ಬಿಗಳ ಪಕ್ಕದಲ್ಲಿಯೇ.