ಹಿವರೆ ಬಾಜಾರಿನ ನೀರಿನ ಲೆಕ್ಕ

ಶಿರಡಿ, ಶನಿ ಶಿಂಗಣಾಪುರಗಳ ದರ್ಶನ ಮುಗಿದ ಮೇಲೆ, ಅದೇ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರನ್ನು ನೋಡದೆ ವಿಜಯಪುರಕ್ಕೆ ಮರಳಬಾರದೆಂದು ನಿಶ್ಚಯಿಸಿದ್ದೆ. ವರ್ಷಕ್ಕೆ 400 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನ ಬಾವಿಯಲ್ಲಿ, ನಮ್ಮ ಸೀಮೆಯಲ್ಲಿ ಕೊಳವೆಬಾವಿಗಳೇ ಬತ್ತುವ ದಿನಗಳಲ್ಲಿ, ಬಗ್ಗಿದರೆ ಮುಖ ಕಾಣುವಷ್ಟು ಮೇಲೆ ನೀರಿತ್ತು.

1989ರಲ್ಲಿ ಪೋಪಟರಾವ್ ಪವಾರ್ ಸರಪಂಚರಾದಾಗ, ಅಂದರೆ ಗ್ರಾಮ ಪಂಚಾಯಿತಿಯ ಮುಖ್ಯಸ್ಥರಾದಾಗ, ಇದು ಬರ, ಸಾರಾಯಿ ಮತ್ತು ಗುಳೆಗಳಿಂದ ಸೊರಗಿದ ಹಳ್ಳಿಯಾಗಿತ್ತು. ಅನಂತರ ಜನರು ಶ್ರಮದಾನದಿಂದ ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿದರು, ಗಿಡ ನೆಟ್ಟರು, ದನಗಳನ್ನು ಬಿಟ್ಟು ಮೇಯಿಸುವುದನ್ನು ನಿಲ್ಲಿಸಿದರು. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ, ಈರುಳ್ಳಿ ಹಸನು ಮಾಡುತ್ತಾ ಕುಳಿತಿದ್ದ ಒಬ್ಬ ಹಿರಿಯ ರೈತರ ಮಾತು.

ನನ್ನ ಹರಕು ಮರಾಠಿಯಲ್ಲಿ, “ಕಾಕಾ, ಇಷ್ಟು ನೀರಿದ್ದೂ ಕಬ್ಬು ಏಕೆ ಹಾಕುವುದಿಲ್ಲ?” ಎಂದು ಕೇಳಿದೆ.

“ಗ್ರಾಮಸಭೆ ಬೇಡವೆಂದಿದೆ. ಗ್ರಾಮಸಭೆ ಎಂದರೆ ನಾವೇ ಅಲ್ಲವೇ, ತಮ್ಮಾ?” ಎಂದರು.

ಮಳೆಗಾಲ ಮುಗಿದ ಮೇಲೆ, ಆ ವರ್ಷ ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಲೆಕ್ಕ ಹಾಕಿ, ಕುಡಿಯಲು ಮತ್ತು ದನಕರುಗಳಿಗೆ ಬೇಕಾದ ನೀರನ್ನು ಮೊದಲು ತೆಗೆದಿರಿಸಿ, ಉಳಿದದ್ದಕ್ಕೆ ತಕ್ಕ ಹಿಂಗಾರಿ ಬೆಳೆಯನ್ನು ಗ್ರಾಮಸಭೆ ಗೊತ್ತುಮಾಡುತ್ತದೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ. ಮಳೆ ಕಡಿಮೆಯಾದ ವರ್ಷ ಗೋಧಿ ಬಿಡಬೇಕು ಎಂದಾಗ ಹೊಟ್ಟೆ ಉರಿಯಲಿಲ್ಲವೇ ಎಂದೆ. “ಉರಿಯಿತು. ಆದರೆ ಪಕ್ಕದ ಹೊಲದವನೂ ಬಿಟ್ಟಿದ್ದ” ಎಂದು ಅವರು ಒಂದು ಗಡ್ಡೆಯ ಒಣ ಸಿಪ್ಪೆಯನ್ನು ತಿಕ್ಕಿ ಬುಟ್ಟಿಗೆ ಹಾಕಿದರು. ನಮ್ಮ ಓಣಿಯಲ್ಲಿ ಒಬ್ಬನು 500 ಅಡಿ ಕೊರೆಸಿದರೆ ಮತ್ತೊಬ್ಬನು 700 ಅಡಿಗೆ ಇಳಿಯುತ್ತಾನೆ; ಸಾಲ ಮಾಡಿ ಕೊರೆಸಿದವರಲ್ಲಿ ನನ್ನ ತಂದೆಯೂ ಒಬ್ಬರು.

ಅಚ್ಚುಕಟ್ಟಾದ ಬೀದಿಗಳನ್ನೂ ಬಣ್ಣದ ಗೋಡೆಗಳನ್ನೂ ಬಂದವರೆಲ್ಲ ಹೊಗಳುತ್ತಾರೆ. ನನಗೆ ಅವುಗಳಿಗಿಂತ ಆ ಲೆಕ್ಕವೇ ದೊಡ್ಡದಾಗಿ ಕಂಡಿತು. “ನಿಮ್ಮೂರಿನಲ್ಲಿ ಕಳೆದ ಗ್ರಾಮಸಭೆಗೆ ಎಷ್ಟು ಜನ ಬಂದಿದ್ದರು?” ಎಂದು ಕಾಕಾ ಕೇಳಿದರು. ಅದು ನಡೆದದ್ದೇ ನನಗೆ ತಿಳಿದಿರಲಿಲ್ಲ, ಹಾಗೆಯೇ ಹೇಳಿದೆ. ಅವರು ನಗಲಿಲ್ಲ, ಕುಡಿಯಲು ನೀರು ತರಿಸಿಕೊಟ್ಟರು.

ಇಲ್ಲಿಗೆ ಬರುವವರು ಬಾಡಿಗೆ ಕಾರಿನವರೊಡನೆ ಕಾಯುವ ಸಮಯವನ್ನೂ ಅದರ ಹಣವನ್ನೂ ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ನಮ್ಮ ಚಾಲಕ ಒಂದು ಗಂಟೆ ಕಾದು, ಹೇಳದೆಯೇ ಹೊರಟುಹೋಗಿದ್ದ. ಕೊನೆಗೆ ಸಂಜೆಯ ಹಾಲಿನ ಗಾಡಿಯಲ್ಲಿ, ತುಂಬಿದ ಕ್ಯಾನುಗಳ ನಡುವೆ ಕುಳಿತು ಹೆದ್ದಾರಿ ಸೇರಿದೆವು.