ದರಿಯಾ ದೌಲತ್ತಿನ ಪಡುವಣ ಗೋಡೆ

ಶ್ರೀರಂಗಪಟ್ಟಣ ಒಂದು ದ್ವೀಪ ಎಂಬುದು ಅದರ ಮೇಲೆಯೇ ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೆ ನೆನಪೇ ಇರುವುದಿಲ್ಲ. ಮಂಡ್ಯ ಕಡೆಯಿಂದ ಬಂದರೆ ಒಂದು ಸೇತುವೆ, ಮೈಸೂರಿಗೆ ಹೊರಟರೆ ಇನ್ನೊಂದು. ನಡುವೆ ಕೋಟೆ, ರಂಗನಾಥನ ಗುಡಿ, ಗಂಜಾಂ. ಪಡುವಣ ತುದಿಯಲ್ಲಿ ಕವಲೊಡೆದ ಕಾವೇರಿ ಮೂಡಣದ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ನೆಲವನ್ನು ವಶಪಡಿಸಿಕೊಂಡ ಮೇಲೆ 1799ರವರೆಗೂ ಮೈಸೂರು ರಾಜ್ಯದ ರಾಜಧಾನಿ ಇದೇ. ಸುತ್ತ ಹೊಳೆಯೇ ಕಾವಲಿರುವ ಜಾಗವನ್ನು ಯಾವ ದೊರೆ ತಾನೆ ಬಿಟ್ಟುಕೊಟ್ಟಾನು?

ನನ್ನ ಸೋದರಮಾವ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ದರಿಯಾ ದೌಲತ್ತನ್ನು ನಿಧಾನವಾಗಿ ನೋಡಬೇಕೆಂದು ಬಹಳ ಕಾಲದಿಂದ ಹೇಳುತ್ತಲೇ ಇದ್ದರು. ಶಾಲೆಯ ಪ್ರವಾಸಗಳಲ್ಲಿ ಮಕ್ಕಳ ತಲೆ ಎಣಿಸುವುದರಲ್ಲೇ ಅವರ ಹೊತ್ತು ಕಳೆದುಹೋಗುತ್ತಿತ್ತಂತೆ. ಕಳೆದ ಕಾರ್ತಿಕದಲ್ಲಿ ಒಂದು ಶನಿವಾರ ಅವರನ್ನು ಕರೆದುಕೊಂಡು ಹೋದೆ. ದೇವರ ದರ್ಶನ ಮುಗಿಸಿಕೊಂಡು ಆಟೋ ಹಿಡಿದೆವು.

1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆಯ ಅರಮನೆ ಇದು. ಅರಮನೆ ಎಂದರೂ ತೋಟದ ನಡುವೆ ಎತ್ತರದ ಜಗಲಿಯ ಮೇಲೆ ನಿಂತಿರುವ, ತೇಗದ ಕಂಬಗಳ ಅಂದವಾದ ಮನೆ. ದೂರದಿಂದ ನೋಡಿದರೆ ಬಿಸಿಲು ತಡೆಯಲು ಇಳಿಬಿಟ್ಟ ಪರದೆಗಳೇ ಕಾಣುತ್ತವೆ. ಪರದೆಯ ಒಳಕ್ಕೆ ಕಾಲಿಟ್ಟರೆ ಗೋಡೆ, ಕಂಬ, ಕಮಾನು, ಸೂರು ಎಲ್ಲೆಲ್ಲೂ ಬಣ್ಣ. ಒಂದು ಗೇಣು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಮೂಡಣ ಗೋಡೆಯ ಪುಟ್ಟ ಪುಟ್ಟ ದರ್ಬಾರಿನ ಚಿತ್ರಗಳಲ್ಲಿ ಚಿತ್ರದುರ್ಗದ ಮದಕರಿ ನಾಯಕನೂ ಇದ್ದಾನೆ. ಅವನನ್ನು ಸೋಲಿಸಿ ದುರ್ಗವನ್ನು ಗೆದ್ದವನು ಟಿಪ್ಪುವಿನ ತಂದೆ ಹೈದರ್. ಗೆದ್ದವನ ಮಗನ ಮನೆಯ ಗೋಡೆಯ ಮೇಲೆ ಸೋತವನಿಗೂ ಒಂದು ದರ್ಬಾರು ಸಿಕ್ಕಿದೆ. ಇದು ನನಗೆ ತುಂಬಾ ಹಿಡಿಸಿತು.

ಮಾವ ಮಾತ್ರ ಪಡುವಣ ಗೋಡೆಯ ಮುಂದೆ ಹೋಗಿ ನಿಂತವರು ಅಲುಗಲಿಲ್ಲ. ಅಲ್ಲಿರುವುದು ಪೊಳ್ಳಿಲೂರಿನ ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಇಂಗ್ಲಿಷ್ ಸೈನ್ಯವನ್ನು ನುಚ್ಚುನೂರು ಮಾಡಿದ ದಿನ. ಕೆಂಪು ಕೋಟಿನ ಸಿಪಾಯಿಗಳು ನಾಟಿ ಹಾಕಿದ ಪೈರಿನಂತೆ ಸಾಲುಸಾಲಾಗಿ ನಿಂತಿದ್ದಾರೆ. ಎಲ್ಲರದೂ ಒಂದೇ ಮುಖ, ಮೀಸೆಯಿಲ್ಲ. ಅವರ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕೂತ ಬೈಲಿ ಬೆರಳು ಕಚ್ಚಿಕೊಂಡಿದ್ದಾನೆ. ಟಿಪ್ಪುವಾದರೋ ತೋಟದಲ್ಲಿ ಅಡ್ಡಾಡುವವನಷ್ಟು ನಿರಾಳವಾಗಿ ಗುಲಾಬಿ ಹೂವನ್ನು ಮೂಸುತ್ತಿದ್ದಾನೆ.

"ಕುದುರೆಗಳ ಕಾಲು ನೋಡಮ್ಮ" ಎಂದರು ಮಾವ. "ಎಲ್ಲ ಒಂದೇ ಸಮನೆ ಹಾರುತ್ತಿವೆ. ಗೆರೆ ಎಲ್ಲಿಯೂ ತಡವರಿಸಿಲ್ಲ. ಬರೆದವನು ಯಾರು?"

ಆಗ ನಾನು ಓದಿ ತಿಳಿದಿದ್ದನ್ನು ಹೇಳಿದೆ. ಇಲ್ಲಿ ಕಾಣುವುದು ಟಿಪ್ಪುವಿನ ಕಾಲದಲ್ಲಿ ಬಳಿದ ಬಣ್ಣವೇ ಅಲ್ಲ. ಮುತ್ತಿಗೆಗೆ ಮುನ್ನವೇ ಈ ಚಿತ್ರವನ್ನು ಕೆಡಿಸಿದ್ದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಈ ಮನೆಯಲ್ಲಿ ವಾಸ ಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲೆಸ್ಲಿಯೇ ಅವನು. ಆಮೇಲೆ ಚಿತ್ರದ ಮೇಲೆ ಇನ್ನೊಮ್ಮೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ತಿರುಗಿ ಬರೆಸಲು ಅಪ್ಪಣೆ ಮಾಡಿದ. ಮೂಲ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ಇಲ್ಲಿನವನೇ ಒಬ್ಬ ಚಿತ್ರಗಾರ ಆ ಕೆಲಸವನ್ನು ಮಾಡಿದ. ಇಂಗ್ಲಿಷರು ತಮ್ಮದೇ ಸೋಲಿನ ಚಿತ್ರವನ್ನು ಎರಡೆರಡು ಸಲ ಬರೆಸಿ ಉಳಿಸಿದ್ದಾರೆ. ಊರನ್ನು ಸೂರೆ ಮಾಡಿದ ಕೈಗಳೇ ಈ ಗೋಡೆಯನ್ನು ಕಾಪಾಡಿದ್ದು ಹೇಗೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಮಾವನಿಗೆ ಸಾಹೇಬರುಗಳ ಗೊಡವೆ ಬೇಕಿರಲಿಲ್ಲ. "ನೆನಪಿನಿಂದ ಬರೆದನೇ? ಇಷ್ಟು ಕುದುರೆ, ಇಷ್ಟು ಆನೆ, ಇಷ್ಟು ಜನ!" ಎಂದು ಬೆರಗಾದರು. ಕೈ ಹಿಂದಕ್ಕೆ ಕಟ್ಟಿಕೊಂಡು ಎಡತುದಿಯಿಂದ ಮತ್ತೆ ಮೊದಲು ಮಾಡಿದರು. ಒಂದೊಂದು ಆಕೃತಿಯ ಹತ್ತಿರವೂ ನಿಂತು, ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಗಾಳಿಯಲ್ಲಿ ಬೆರಳಾಡಿಸಿ ನೋಡುತ್ತಿದ್ದರು. ಪಕ್ಕದಲ್ಲಿದ್ದ ಹುಡುಗನೊಬ್ಬ ಗೋಡೆ ಮುಟ್ಟಲು ಕೈ ಚಾಚಿದಾಗ, "ಬೇಡ ಕಣಪ್ಪ, ಕೈಯ ಬೆವರು ತಾಕಿದರೆ ಬಣ್ಣ ಹೋಗುತ್ತದೆ" ಎಂದು ತಡೆದರು. ತಾತನ ದನಿಗೆ ಆ ಹುಡುಗ ಕೈ ಹಿಂದೆಗೆದುಕೊಂಡ.

ಮಧ್ಯಾಹ್ನ ಗುಂಬಜ್‌ಗೆ ಹೋದೆವು. ಹೈದರ್, ಟಿಪ್ಪು ಮತ್ತು ಟಿಪ್ಪುವಿನ ತಾಯಿ ಫಾತಿಮಾ ಫಕ್ರುನ್ನೀಸಾ ಅಲ್ಲಿ ಮಲಗಿದ್ದಾರೆ. ಅಲ್ಲೇ ಸಮೀಪದಲ್ಲಿ ಬೈಲಿಯ ಸ್ಮಾರಕವೂ ಇದೆ. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕ ಅವನು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. 1816ರಲ್ಲಿ ಅವನ ಸೋದರಳಿಯ ಇದನ್ನು ಕಟ್ಟಿಸಿದ. ಬೆಳಿಗ್ಗೆ ಗೋಡೆಯ ಮೇಲೆ ಬೆರಳು ಕಚ್ಚಿಕೊಂಡಿದ್ದವನ ಹೆಸರನ್ನು ಮಧ್ಯಾಹ್ನ ಅಲ್ಲಿ ಕಂಡಾಗ ನನಗೆ ಕರುಳು ಚುರ್ ಎಂದಿತು. ವೈರಿಯೇ ಆಗಿರಲಿ, ಪರದೇಶದ ಸೆರೆಯಲ್ಲಿ ಜೀವ ಬಿಟ್ಟವನು.

"ಸೋತವನಿಗೂ ಕಲ್ಲಿನ ಗುರುತಿದೆ. ಆ ಕುದುರೆಗಳನ್ನು ಬರೆದವನಿಗೂ ಒಂದು ಇರಬೇಕಿತ್ತು" ಎಂದರು ಮಾವ. ಬಸ್ಸು ಸೇತುವೆ ದಾಟುವಾಗಲೂ ಅದೇ ಮಾತು. ಬೇಸಿಗೆ ರಜೆಯಲ್ಲಿ ಬೀದಿಯ ಮಕ್ಕಳಿಗೆ ಚಿತ್ರ ಹೇಳಿಕೊಡುವ ಪಾಠವನ್ನು ಅವರು ಇನ್ನೂ ಬಿಟ್ಟಿಲ್ಲ. ಈ ಸಲ ಆ ಮಕ್ಕಳನ್ನೆಲ್ಲ ಪಡುವಣ ಗೋಡೆಯ ಮುಂದೆ ನಿಲ್ಲಿಸಿ, ತಲೆಗೊಂದು ಕುದುರೆ ಹಂಚಿ, ಮನೆಗೆ ಬಂದ ಮೇಲೆ ನೆನಪಿನಿಂದಲೇ ಬರೆಸುವುದಾಗಿ ತೀರ್ಮಾನಿಸಿದ್ದಾರೆ. ಮಕ್ಕಳ ತಲೆ ಎಣಿಸುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ.